ನಳಿಗೆಯ ನೀಲಿ

ಬೆಲ್ಲದ ಹರಳನ್ನು ಬಾಟಲಿಯೊಳಗೆ ಹಾಕಿ, ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಅಲುಗಿಸುವಾಗ ಕಾಡಪ್ಪನಿಗೆ ತಾನು ಬೇರೆ ಯಾರದೋ ಬಚ್ಚಲಲ್ಲಿ ನಿಂತಿದ್ದೇನೆ ಅನ್ನಿಸಿತು. ಬಚ್ಚಲು ಅವನದೇ. ಗಡಹಿಂಗ್ಲಜದ ಪೇಟೆಗೆ ಬೆನ್ನು ಹಾಕಿಕೊಂಡ ಓಣಿಯಲ್ಲಿ ಅಪ್ಪ ಕಟ್ಟಿಸಿದ ಮನೆ. ಬಾಟಲಿಯೊಳಗಿನ ಮೂತ್ರವೂ ಅವನದೇ. ಬೆಲ್ಲ ರೈತರ ಮಾಲು ಮಾರಿಸಿಕೊಡುವ ಅವನ ಅಡತಿ ಅಂಗಡಿಯದು. ನೂಲ ಎಂಬ ಹಳ್ಳಿಯ ಗಾಣದಿಂದ ನಿನ್ನೆ ಬಂದಿಳಿದ ಬೆಲ್ಲದ ದಪ್ಪ ಅಚ್ಚಿನಿಂದ, ಪೆಂಟೆಯಿಂದ, ಅವನೇ ಕೆದರಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಂದದ್ದು. ಎಲ್ಲವೂ ತನ್ನದೇ ಆಗಿರುವಾಗ ಎದೆ ಹೀಗೇಕೆ ಕಳ್ಳನ ಎದೆಯಂತೆ ಹೊಡೆದುಕೊಳ್ಳಬೇಕು? ಹರಳು ಬೇಗ ಕರಗಲಿಲ್ಲ. ಮತ್ತೆ ಅಲುಗಿಸಿದ. ಹೊರಗೆ ಗುರುಸಿದ್ದವ್ವ ಕೆಮ್ಮಿದಳು, ಅಷ್ಟಕ್ಕೇ ಅವನ ಕೈ ನಿಂತುಹೋಯಿತು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯ ಕೆಮ್ಮಿಗೆ ಬೆದರುವ ಗಂಡಸು ಈ ಊರಲ್ಲಿ ತಾನೊಬ್ಬನೇ ಇರಬೇಕು ಅಂದುಕೊಂಡ.

ಬಾಟಲಿಯನ್ನು ದಿನದಂತೆ ಬಚ್ಚಲ ಕಟ್ಟೆಯ ಮೇಲಿಟ್ಟು ಬಂದು, ಪಡಸಾಲೆಯಲ್ಲಿ ಕೊಲ್ಲಾಪುರದ ಮರಾಠಿ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದು ಕೂತ. ಗುರುಸಿದ್ದವ್ವ ಬಚ್ಚಲಿಗೆ ಹೋದದ್ದು, ಬಾಟಲಿ ಎತ್ತಿಕೊಂಡು ಹಿತ್ತಲ ಕಟ್ಟೆಗೆ ನಡೆದದ್ದು, ಸ್ಪಿರಿಟ್ ದೀಪಕ್ಕೆ ಕಡ್ಡಿ ಗೀರಿದ್ದು ಎಲ್ಲವೂ ಕಣ್ಣಿಲ್ಲದೆಯೂ ಅವನಿಗೆ ಕಾಣುತ್ತಿತ್ತು. ಗಾಜಿನ ನಳಿಗೆಯಲ್ಲಿ ಮೊದಲು ನೀಲಿ ಔಷಧಿ, ಅದಕ್ಕೆ ಅವನ ಮೂತ್ರದ ಹನಿ, ಆಮೇಲೆ ದೀಪದ ಮೇಲೆ ಕುದಿಸುವುದು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ತುಸು ಇದ್ದರೆ ಹಸಿರು, ಹೆಚ್ಚಿದ್ದರೆ ಹಳದಿ, ಮಿತಿ ಮೀರಿದ್ದರೆ ಇಟ್ಟಂಗಿಯ ಕೆಂಪು. ಆಪರೇಶನ್ನಿಗೆ ಮೊದಲು ಎಷ್ಟು ವರ್ಷ ಬರೀ ಇಟ್ಟಂಗಿಯೇ! ‘ಇಟ್ಟಂಗಿ ಐತ್ರಿ’ ಎಂದು ಅವಳು ಹಿತ್ತಲಿಂದ ಕೂಗುತ್ತಿದ್ದಳು, ಕೂಗಿ ಸೂಜಿ ಕುದಿಸಲು ಹೋಗುತ್ತಿದ್ದಳು. ಆ ಕೂಗಿನಲ್ಲಿ ಬೈಗುಳ ಇರುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅವನೂ ತಿರುಗಿ ಬೈಯಬಹುದಾಗಿತ್ತು.

ಯಾಕೆಂದರೆ ಆಗ ಅವನು ತಿನ್ನುತ್ತಿದ್ದ. ತಿನ್ನುತ್ತಿದ್ದೆ ಎಂದು ಅವನು ಇವತ್ತಿಗೂ ಒಪ್ಪುವುದಿಲ್ಲ. ಬೆಲ್ಲದ ಅಡತಿಯವನು ಬೆಲ್ಲ ತಿನ್ನುವುದಿಲ್ಲ, ರುಚಿ ನೋಡುತ್ತಾನೆ. ಗಾಡಿಯಿಂದ ಇಳಿದ ಪ್ರತಿಯೊಬ್ಬ ರೈತನ ಮಾಲಿನ ಮೈಯನ್ನು ಮೊನಚು ಕಬ್ಬಿಣದಿಂದ ಕೆದರಿ, ಹರಳನ್ನು ನಾಲಿಗೆಯ ತುದಿಗಿಟ್ಟು, ಕಣ್ಣು ಮುಚ್ಚಿ, ಉಪ್ಪು ಎಷ್ಟಿದೆ, ಪಾಕ ಏರಿದೆಯೋ ಇಳಿದಿದೆಯೋ ಎಂದು ಹೇಳದಿದ್ದರೆ ಅವನು ಯಾವ ಸೀಮೆಯ ಅಡತಿಯವನು? ಉಗುಳಬಹುದಿತ್ತು. ಆದರೆ ರೈತ ಎದುರಿಗೇ ಕೈಕಟ್ಟಿ ನಿಂತಿರುತ್ತಾನೆ. ಅವನ ವರ್ಷದ ಬೆವರನ್ನು ಅವನ ಕಣ್ಣೆದುರೇ ಉಗುಳುವುದು ಹೇಗೆ? ಅದಕ್ಕೇ ನುಂಗುತ್ತಿದ್ದ. ಸುಗ್ಗಿಯಲ್ಲಿ ಬೆಳಗಿನಿಂದ ಸಂಜೆಯ ತನಕ ನುಂಗುತ್ತಿದ್ದ. ಮನೆಗೆ ಬಂದು ಸಪ್ಪೆ ಚಹಾ ಕುಡಿದು, ‘ಸಿಹಿ ಮುಟ್ಟಿಲ್ಲ ನೋಡ’ ಎಂದು ಹೆಂಡತಿಗೆ ಹೇಳುತ್ತಿದ್ದ, ಕೊಲ್ಲಾಪುರದ ಡಾಕ್ಟರಿಗೂ ಹಾಗೇ ಹೇಳುತ್ತಿದ್ದ. ಹೇಳುವಾಗ ಸುಳ್ಳು ಅನ್ನಿಸುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ನಳಿಗೆಯಲ್ಲಿ ಇಟ್ಟಂಗಿ ಕುದಿಯುತ್ತಿತ್ತು. ಗುರುಸಿದ್ದವ್ವ ಆ ಕೆಂಪನ್ನು ನೋಡಿ ಏನು ಅಂದುಕೊಳ್ಳುತ್ತಿದ್ದಳೋ, ಒಂದು ದಿನವೂ ಕೇಳಲಿಲ್ಲ.

ಈಗ ಮಳೆಗಾಲ ಮುಗಿದಾಗಿನಿಂದ ದಿನಾ ನೀಲಿ. ಒಂದು ದಿನ ಹಸಿರು ಇಲ್ಲ, ಒಂದು ದಿನ ಹಳದಿ ಇಲ್ಲ. ಇದೇ ಅವನನ್ನು ಕೊರೆಯುತ್ತಿದ್ದದ್ದು. ಬಣ್ಣದ ವಿಷಯದಲ್ಲಿ ಕಾಡಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಂಡೆಗಿಡದ ಲೋಳೆ ಹಾಕಿ, ಕೊಳೆ ತೆಗೆದು, ನಿಯತ್ತಿನಿಂದ ಕಾಸಿದ ಬೆಲ್ಲ ಕಂದುಗೆಂಪಾಗಿರುತ್ತದೆ. ಒಂದು ಪೆಂಟೆ ಇದ್ದಂತೆ ಇನ್ನೊಂದು ಇರುವುದಿಲ್ಲ, ಒಂದರಲ್ಲಿ ಮೋಡ, ಒಂದರಲ್ಲಿ ಕಲೆ. ಸಾಲಿಗೆ ಸಾಲು ಬಂಗಾರದಂತೆ ಒಂದೇ ಬಣ್ಣದಲ್ಲಿ ಹೊಳೆಯಿತೆಂದರೆ ಕೊಪ್ಪರಿಗೆಗೆ ಬಿಳಿ ಪುಡಿ ಬಿದ್ದಿದೆ ಎಂದೇ ಅರ್ಥ. ಹೊಸಬರು ಆ ಹೊಳಪಿಗೆ ಮರುಳಾಗಿ ಹೆಚ್ಚಿನ ದರ ಕೂಗುತ್ತಾರೆ. ಕಾಡಪ್ಪ ಮಾತ್ರ ಮೂಗು ಹತ್ತಿರ ಒಯ್ದು ಮೂಸಿ, ‘ಭಾಳ ಚಂದ ಐತಿ, ಅದಕ್ಕ ಬ್ಯಾಡ’ ಅನ್ನುತ್ತಿದ್ದ. ಆ ಮಾತು ಪೇಟೆಯಲ್ಲಿ ಗಾದೆಯೇ ಆಗಿತ್ತು. ತನ್ನ ಮೈಯೊಳಗಿಂದ ದಿನಾ ಒಂದೇ ಚೊಕ್ಕ ಬಣ್ಣ ಬರತೊಡಗಿದಾಗ ಅವನು ಬೇರೆ ಏನನ್ನು ತಾನೆ ಯೋಚಿಸಿಯಾನು?

ಆಪರೇಶನ್ ಆದದ್ದು ಹೊಟ್ಟೆಯ ಹುಣ್ಣಿಗೆ. ದಿಲ್ಲಿಯಲ್ಲಿ ಜನತಾ ಸರ್ಕಾರ ಬಂದ ವರ್ಷದ ಮಳೆಗಾಲದಲ್ಲಿ ಉಂಡದ್ದೆಲ್ಲ ವಾಂತಿಯಾಗಿ, ಕೊಲ್ಲಾಪುರದಲ್ಲಿ ಒಂದು ಖಾಸಗಿ ದವಾಖಾನೆಗೆ ಸೇರಿಸಿದರು. ಹೊಟ್ಟೆಯ ಮುಕ್ಕಾಲು ಭಾಗವನ್ನೇ ಕತ್ತರಿಸಿ ತೆಗೆದು, ಉಳಿದದ್ದನ್ನು ಕರುಳಿಗೆ ಹೊಲಿದರು. ಹೋಗುವಾಗ ಪೇಟೆಯವರು ಚೇಷ್ಟೆಗೆ ಮಾಲು ತೂಗುವ ತಕ್ಕಡಿಯಲ್ಲಿ ಕೂರಿಸುತ್ತಿದ್ದ ಗಾತ್ರದ ಮನುಷ್ಯ. ಬರುವಾಗ ಅಂಗಿ ಗೂಟಕ್ಕೆ ತೂಗುಹಾಕಿದಂತಿತ್ತು. ಹೊಟ್ಟೆಯೆಂದರೆ ಸಾವುಕಾರಿಕೆಯ ಗುರುತು, ಅದು ಹೋದಮೇಲೆ ಗದ್ದುಗೆಯಲ್ಲಿ ಕೂತವನನ್ನು ಹೊಸ ರೈತರು ಕಾರಕೂನ ಅಂದುಕೊಳ್ಳುತ್ತಿದ್ದರು. ಡಾಕ್ಟರು ಮಾತ್ರ ನಗುತ್ತ ಬಂದು, ‘ಕಾಡಪ್ಪಾ, ಸಾಖರ ಗೇಲೀ ತುಮಚೀ!’ ಅಂದರು. ಸಕ್ಕರೆ ಹೋಯಿತಂತೆ, ಸೂಜಿ ಇನ್ನು ಬೇಡವಂತೆ! ಹೇಗೆ ಹೋಯಿತು ಎಂದು ಕೇಳಿದರೆ ಆ ಮಹಾರಾಯ, ಹೊಟ್ಟೆ ಕತ್ತರಿಸಿದ ಕೆಲವರಲ್ಲಿ ಹೀಗಾಗುವುದನ್ನು ಕಂಡಿದ್ದೇನೆ, ಯಾಕೆಂದು ನನಗೂ ಗೊತ್ತಿಲ್ಲ ಎಂದು ಮರಾಠಿಯಲ್ಲಿ ಹೇಳಿ ಮುಂದಿನ ಮಂಚಕ್ಕೆ ಹೋದರು. ಗೊತ್ತಿಲ್ಲ ಅನ್ನುವ ಡಾಕ್ಟರನನ್ನು ಕಾಡಪ್ಪ ಅದೇ ಮೊದಲು ಕಂಡದ್ದು. ಹುಣ್ಣು ತೆಗೆಯಲು ಹೋದವರು ಬೇಡದೆಯೇ ಸಕ್ಕರೆಯನ್ನೂ ತೆಗೆದರೆ? ಕೊಸರು ಹಾಕದ ಊರಲ್ಲಿ ಇಷ್ಟು ದೊಡ್ಡ ಕೊಸರು ಯಾರು ಕೊಡುತ್ತಾರೆ?

ಆಮೇಲೆ ಇಚಲಕರಂಜಿ. ನಡೆದಾಡುವಷ್ಟು ಶಕ್ತಿ ಬರಲಿ, ದವಾಖಾನೆಗೂ ಹತ್ತಿರ ಎಂದು ಮಗಳು ಇಂದುಬಾಯಿ ತನ್ನ ಮನೆಗೆ ಕರೆದೊಯ್ದಿದ್ದಳು. ಗೋಡೆಯ ಆಚೆ ಪವರ್‌ಲೂಮುಗಳು ಹಗಲಿಡೀ ಬಡಿದುಕೊಳ್ಳುತ್ತಿದ್ದವು. ಆ ಸದ್ದಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು ರೂಢಿ. ಒಂದು ಮಧ್ಯಾಹ್ನ ಕರೆಂಟು ಹೋಯಿತು, ಮಗ್ಗಗಳು ಒಮ್ಮೆಲೇ ನಿಂತವು. ಆ ಗವ್ವೆನ್ನುವ ಮೌನದಲ್ಲಿ ಅಡುಗೆಮನೆಯ ಮಾತೊಂದು ಬಾಲ ಮುರಿದ ಹಲ್ಲಿಯಂತೆ ಈಚೆ ಬಂದು ಬಿತ್ತು. ‘ಅಪ್ಪಾರಿಗೆ ಈಗ ಹೇಳೂದ ಬ್ಯಾಡವ್ವ.’ ಮಗಳ ದನಿ. ಅದಕ್ಕೆ ಗುರುಸಿದ್ದವ್ವ, ‘ಹೇಳಿದ್ರ ಎದಿ ಒಡಕೊಂತಾರ’ ಅಂದಳು. ಕರೆಂಟು ಬಂತು, ಮಗ್ಗ ಶುರುವಾದವು. ಹೆಂಡತಿ ಗಂಜಿಯ ಬಟ್ಟಲು ಹಿಡಿದು ಬಂದು ಎಂದಿನಂತೆ ಕೂಗಿ ಮಾತಾಡಿದಳು. ಏನು ಹೇಳುವುದು ಬೇಡ? ಅವನು ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾಳು ಎಂಬ ಹೆದರಿಕೆ ಒಂದು. ಸುಳ್ಳು ಹೇಳಿ ಬಾಯಿ ಮುಚ್ಚಿಸಿಯಾಳು ಎಂಬ ಸಿಟ್ಟು ಇನ್ನೊಂದು. ಅವತ್ತಿನಿಂದ ಆ ಮಾತು ಹೊಲಿದ ಹೊಟ್ಟೆಯೊಳಗೆ ಜೀರ್ಣವಾಗದೆ ಕೂತಿದೆ. ಅವನಿಗೆ ಅರ್ಥವಾದದ್ದು ಇಷ್ಟೇ: ಸಕ್ಕರೆ ಹೋಗಿಲ್ಲ. ಇದೆ, ಇನ್ನೂ ಹೆಚ್ಚಾಗಿದೆ. ಅದನ್ನು ಮುಚ್ಚಿಟ್ಟು ನೀಲಿ ನೀಲಿ ಎಂದು ಹಾಡುತ್ತಿದ್ದಾಳೆ. ಅಂಗಡಿಯಲ್ಲಿ ಅವಳ ತಮ್ಮ ಬಾಳಗೊಂಡ ದತ್ತವಾಡದ ಕಬ್ಬಿನ ಹೊಲ ಬಿಟ್ಟು ಬಂದು ಗದ್ದುಗೆಯ ಮೇಲೆ ಕೂತದ್ದು ಆಪರೇಶನ್ನಿನ ದಿನ, ಇನ್ನೂ ಎದ್ದಿಲ್ಲ. ‘ನೀವು ಆರಾಮ ತಗೋರಿ ದಾಜಿ, ನಾ ನೋಡಾಕತ್ತೇನಿ’ ಎಂದು ಭಾವನಿಗೆ ಹೇಳುತ್ತಾನೆ. ಒಳ್ಳೆಯ ಮಾತೇ. ಭಾಳ ಚಂದದ ಮಾತು.

‘ನೀಲಿ ಐತ್ರಿ!’

ಹಿತ್ತಲಿಂದ ಗುರುಸಿದ್ದವ್ವನ ದನಿ ಬಂತು. ಕಾಡಪ್ಪನ ಕೈಯಲ್ಲಿ ಪೇಪರು ಅಲುಗಲಿಲ್ಲ. ಆ ಸದ್ದಿನಲ್ಲಿ ಏನಾದರೂ ಸೀಳು ಇತ್ತೇ, ನಿನ್ನೆಗಿಂತ ತುಸು ತಡವಾಗಿ ಬಂತೇ ಎಂದು ಕಿವಿಗೊಟ್ಟ. ಇಲ್ಲ, ನಿನ್ನೆಯದೇ ದನಿ. ಬೆಲ್ಲ ಬೆರೆಸಿದ ಮೂತ್ರ ನೀಲಿಯಾಗಿ ಉಳಿಯಿತಂತೆ! ಸಿಕ್ಕಿಬಿದ್ದಳು. ಅವನಿಗೆ ಗೆಲುವಿನ ಖುಷಿಯಾಗಬೇಕಾಗಿತ್ತು. ಹಾಗೆಂದೇ ಈ ಹೂಟ ಹೂಡಿದ್ದ. ಆದರೆ ಕಣ್ಣು ಹನಿಗೂಡಿ, ಪೇಪರಿನ ಅಕ್ಷರಗಳು ಕಲಸಿಹೋದವು. ಒಳಗೊಳಗೇ ಅವಳು ‘ಇಟ್ಟಂಗಿ’ ಅನ್ನಲಿ ಎಂದು ತಾನು ಕಾದಿದ್ದೆ ಎಂಬುದು ಅವನಿಗೆ ಆಗ ತಿಳಿಯಿತು. ಇಟ್ಟಂಗಿ ಅಂದಿದ್ದರೆ ಅವಳು ನಿಜದವಳಾಗುತ್ತಿದ್ದಳು, ಹಿಂದಿನ ನೀಲಿಗಳೆಲ್ಲ ನಿಜವಾಗುತ್ತಿದ್ದವು, ಅವನು ಎದ್ದು ಹೋಗಿ ನಗುತ್ತ ಒಪ್ಪಿಕೊಂಡುಬಿಡುತ್ತಿದ್ದ. ತಾನು ಕಳ್ಳ, ಪರರ ನಂಬ ಅನ್ನುತ್ತಾರೆ. ಈಗ ನಂಬದಿದ್ದದ್ದೇ ಸರಿಯಾಯಿತಲ್ಲ.

ಅವಳು ಸ್ನಾನ ಮಾಡಿ ಇಷ್ಟಲಿಂಗ ಕೈಯಲ್ಲಿ ಹಿಡಿದು ಪೂಜೆಗೆ ಕೂತಾಗ ಕಾಡಪ್ಪ ಅಡುಗೆಮನೆಯ ಮೂಲೆಗೆ ಹೋದ. ಅಲ್ಲಿ ತೇವದ ಉಸುಕು ತುಂಬಿದ ಗಡಿಗೆಯೊಳಗೆ ಇನ್ಸುಲಿನ್ ಬಾಟಲಿ ತಂಪಿಗೆಂದು ಹೂತಿರುತ್ತಿತ್ತು. ಉಸುಕು ಕೆದರಿದರೆ ಇದೆ! ಸೂಜಿ ನಿಂತು ತಿಂಗಳುಗಳಾದರೂ ಅವಳು ಅದನ್ನು ಎಸೆದಿರಲಿಲ್ಲ; ಉಸುಕಿಗೆ ನೀರೂ ಹನಿಸುತ್ತ ಬಂದಿದ್ದಳು. ಸಕ್ಕರೆ ಇಲ್ಲದವನ ಮನೆಯಲ್ಲಿ ಔಷಧಿಯನ್ನು ಇಷ್ಟು ಜೋಪಾನ ಮಾಡುವುದು ಯಾತಕ್ಕೆ? ಸಾಕ್ಷಿಗೆ ಸಾಕ್ಷಿ ಕೂಡಿಬಂತು. ಸೂಜಿಯನ್ನು ಯಾವತ್ತೂ ಅವಳೇ ಚುಚ್ಚುತ್ತಿದ್ದದ್ದು, ಅವನು ಮುಖ ಆಚೆ ತಿರುಗಿಸಿ ಮಳೆಯ ಬಗ್ಗೆ ಮಾತಾಡುತ್ತಿದ್ದ. ಇವತ್ತು ತಾನೇ ಗಾಜಿನ ಪಿಚಕಾರಿಯನ್ನು ಬಿಸಿನೀರಲ್ಲಿ ಅದ್ದಿ, ಹಿಂದೆ ಅವಳು ಎಳೆಯುತ್ತಿದ್ದ ಗೆರೆಯ ತನಕ ಎಳೆದು, ತೊಡೆಗೆ ಚುಚ್ಚಿಕೊಂಡ. ಹಿಂದೆ ಅಲ್ಲಿ ಮಾಂಸವಿತ್ತು. ಈಗ ಸೂಜಿ ಎಲುಬಿಗೆ ತಾಗಿತೇನೋ ಅನ್ನಿಸುವಷ್ಟು ನೋವಾಯಿತು. ಒಳಗಿನಿಂದ ಅವಳ ಮಂತ್ರ ಗುನುಗುಟ್ಟುತ್ತಿತ್ತು. ನನ್ನ ಜೀವ ನಾನು ನೋಡಿಕೊಳ್ಳುತ್ತೇನೆ, ನಿನ್ನ ನೀಲಿ ನಿನಗಿರಲಿ ಎಂದು ಆ ಗುನುಗಿನ ಕಡೆ ಮನಸ್ಸಿನಲ್ಲೇ ಹೇಳಿದ. ಪೂಜೆ ಮುಗಿಸಿ ಬಂದ ಅವಳು ಅರ್ಧ ರೊಟ್ಟಿ, ಮಜ್ಜಿಗೆ ಇಟ್ಟಳು. ಕಾಲು ಭಾಗ ತಿಂದು ಎದ್ದ.

‘ಇಷ್ಟ ಉಂಡ್ರ ಹೆಂಗ್ರಿ?’

‘ಹೊಟ್ಟಿ ಎಲ್ಲೈತಿ ಉಣ್ಣಾಕ? ಅದನ್ನೂ ಕೊಯ್ಸಿ ಇಟಗೊಂಡೀರಲ್ಲ ಎಲ್ಲಾರೂ ಕೂಡಿ.’

ಅವಳು ಅವನ ಮುಖವನ್ನೊಮ್ಮೆ ನೋಡಿದಳು. ತಾಟನ್ನು ಎತ್ತಿಕೊಂಡು ಹೋದಳು.

ಪೇಟೆಯಲ್ಲಿ ಅವತ್ತು ಮಾಲು ಭಾರಿ ಬಂದಿತ್ತು. ಅಂಗಡಿಯ ಮುಂದೆ ನೂಲದ ಅಲ್ಲಪ್ಪ ತನ್ನ ಪೆಂಟೆಗಳನ್ನು ಸಾಲಾಗಿ ಹಚ್ಚಿ, ಮಗಳ ಮದುವೆಯ ಸಾಲಿನಲ್ಲಿ ನಿಂತ ಬೀಗನಂತೆ ಪಕ್ಕದಲ್ಲಿ ನಿಂತಿದ್ದ. ಬಾಳಗೊಂಡ ಗದ್ದುಗೆಯಿಂದ ಎದ್ದು, ‘ಬರ್ರಿ ದಾಜಿ’ ಎಂದು ಜಾಗ ಬಿಟ್ಟ. ಬಿಡುವುದರಲ್ಲಿ ತುಸು ಹೆಚ್ಚಿನ ವಿನಯವಿತ್ತು. ಕಾಡಪ್ಪ ಕೂರದೆ ಮಾಲಿನ ಕಡೆಗೆ ನಡೆದ. ನಾಲಿಗೆಗೆ ಬೆಲ್ಲ ಇಡುವುದನ್ನು ಅವನು ಬಿಟ್ಟಿದ್ದ. ಡಾಕ್ಟರು ಹೇಳಿದ್ದಕ್ಕಲ್ಲ. ಆಪರೇಶನ್ ಆದ ಹೊಸತರಲ್ಲಿ ಒಂದು ಸಲ ಹಳೆಯ ಚಟಕ್ಕೆ ಹರಳು ನುಂಗುತ್ತ ಹೋಗಿ, ಮೈಯೆಲ್ಲ ಬೆವರಿ, ಎದೆ ಕುದುರೆಯಂತೆ ಓಡಿ, ಅಂಗಡಿಯ ಹಿಂದೆ ಮಲಗಬೇಕಾಗಿ ಬಂದಿತ್ತು. ಸಿಹಿ ಮೈಗೇರಿದರೆ ಹೀಗೆ ಬೆವರುತ್ತದೆ ಎಂದು ಅವತ್ತು ಕಲಿತ. ಈಗ ಮೂಗಿನಿಂದಲೇ ದರ ಕಟ್ಟುತ್ತಿದ್ದ. ಹಾಗೆ ಮೂಸಿ ನೋಡುವ ಅಡತಿಯವನನ್ನು ಕಂಡು ಹಮಾಲರು ತಮ್ಮೊಳಗೇ ನಗುವುದು ಅವನಿಗೆ ಗೊತ್ತಿತ್ತು.

ಹೊತ್ತು ನೆತ್ತಿಗೆ ಬರುವಾಗ ಕೊಲ್ಲಾಪುರದ ಖರೀದಿದಾರ ಪದ್ಮಕುಮಾರ ಬಂದ. ದರವನ್ನು ಬಾಯಿಬಿಟ್ಟು ಕೂಗಬೇಕೆಂದು ಸರ್ಕಾರ ಕಾಯ್ದೆ ಮಾಡಿದ್ದರೂ ಹಳಬರು ಇನ್ನೂ ಟವೆಲ್ಲಿನ ಕೆಳಗೇ ಮಾತಾಡುತ್ತಿದ್ದರು. ಇಬ್ಬರೂ ಕೈ ಹಿಡಿದುಕೊಂಡು ಮೇಲೊಂದು ಟವೆಲ್ಲು ಹಾಸುವುದು. ಯಾವ ಬೆರಳು ಹಿಡಿದರೆ ಎಷ್ಟು, ಅಂಗೈ ಒತ್ತಿದರೆ ಎಷ್ಟು ಎಂದು ಇಬ್ಬರಿಗೂ ಗೊತ್ತು. ಸಾಕ್ಷಿ ಇಲ್ಲ, ಬರಹ ಇಲ್ಲ. ಕೈ ಬಿಟ್ಟಿತೆಂದರೆ ಮಾತು ಮುಗಿಯಿತು, ಆಮೇಲೆ ಹಿಂದೆ ಸರಿದವನಿಗೆ ಪೇಟೆಯಲ್ಲಿ ನೀರು ಕೂಡ ಹುಟ್ಟುವುದಿಲ್ಲ. ಕಾಡಪ್ಪನಿಗೆ ಜಗತ್ತಿನಲ್ಲಿ ನಂಬಿಕೆ ಇದ್ದದ್ದು ಆ ಟವೆಲ್ಲಿನ ಕೆಳಗಿನ ಬೆರಳುಗಳಲ್ಲಿ ಮಾತ್ರ. ಕಣ್ಣು ಸುಳ್ಳು ಹೇಳುತ್ತದೆ, ಬಾಯಿ ಸುಳ್ಳು ಹೇಳುತ್ತದೆ, ಬೆರಳು ಹೇಳುವುದಿಲ್ಲ. ಹೆಂಡತಿಯ ಬೆರಳನ್ನು ಹೀಗೆ ಹಿಡಿದು ಎಷ್ಟು ಕಾಲವಾಯಿತು ಎಂಬ ಯೋಚನೆ ಎಲ್ಲಿಂದಲೋ ನುಗ್ಗಿ ಬಂತು. ಅದನ್ನು ತಳ್ಳಿ ಪದ್ಮಕುಮಾರನ ಕೈ ಹಿಡಿದ. ಕೈಗಳ ಮೇಲೆ ಟವೆಲ್ಲು ಬಿತ್ತು. ಆಗಲೇ ಕಾಡಪ್ಪನ ಕುತ್ತಿಗೆಯಲ್ಲಿ ಬೆವರು ಒಡೆಯಿತು.

ಮೊದಲು ಅವನು ಅದನ್ನು ಬಿಸಿಲು ಅಂದುಕೊಂಡ. ಆಮೇಲೆ ತುಟಿ ಮರಗಟ್ಟಿತು, ಎದೆ ಓಡತೊಡಗಿತು. ಓಹೋ, ಸಕ್ಕರೆ ಏರುತ್ತಿದೆ! ಬೆಲ್ಲ ನುಂಗಿದ ದಿನದ ಬೆವರೇ ಇದು. ಸೂಜಿ ಕೊಟ್ಟರೂ ಏರುತ್ತಿದೆ ಎಂದರೆ ಒಳಗೆ ಎಷ್ಟಿರಬೇಕು, ಇವರು ಎಷ್ಟನ್ನು ಮುಚ್ಚಿಟ್ಟಿರಬೇಕು! ಬೆಳಗಿನ ರೊಟ್ಟಿಯಲ್ಲೇ ಏನಾದರೂ ಬೆರೆಸಿದ್ದಳೇ? ಟವೆಲ್ಲಿನ ಕೆಳಗೆ ಅವನ ಬೆರಳುಗಳು ಅವನನ್ನು ಕೇಳದೆಯೇ ಏನನ್ನೋ ಹೇಳುತ್ತಿದ್ದವು. ಪದ್ಮಕುಮಾರ ಹುಬ್ಬು ಏರಿಸಿ ಅವನ ಮುಖ ನೋಡಿದ, ಕೈಯನ್ನು ಬಿಡದೆ ಮೆಲ್ಲಗೆ ಟವೆಲ್ಲು ಸರಿಸಿದ. ಅಂಥದ್ದು ಪೇಟೆಯಲ್ಲಿ ಯಾರೂ ಕಂಡಿರಲಿಲ್ಲ.

‘ಕಾಯ ಝಾಲಂ, ಕಾಡಪ್ಪಣ್ಣ? ಏನಾಗೇತಿ ನಿಮಗ? ಇಷ್ಟ ಕಡಿಮಿ ದರಕ್ಕ ಅಲ್ಲಪ್ಪನ ಮಾಲ ತಗೊಂಡ್ರ ನನ್ನ ಮಕ್ಕಳಿಗೆ ಒಳ್ಳೇದಾಗೂದಿಲ್ಲ. ಇವತ್ತ ನಿಮ್ಮ ಕೈ ನಿಮ್ಮ ಮಾತ ಕೇಳವಲ್ದು.’

ಅಲ್ಲಪ್ಪ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ. ಹಮಾಲರು ಚೀಲ ಇಳಿಸುವುದನ್ನು ನಿಲ್ಲಿಸಿದ್ದರು. ಅಪ್ಪನ ಕಾಲದಿಂದ ಬಂದ ಅಂಗಡಿಯ ಮಾತು ಬಿಸಿಲಲ್ಲಿ ಬೆತ್ತಲಾಗಿ ಬಿದ್ದಿತ್ತು. ಪದ್ಮಕುಮಾರ ಮೋಸ ಮಾಡಿದ್ದರೆ ಕಾಡಪ್ಪನಿಗೆ ಇಷ್ಟು ನೋವಾಗುತ್ತಿರಲಿಲ್ಲ, ಅವನು ದಯೆ ತೋರಿಸಿದ್ದ. ‘ಹಸದೀರಿ ಕಾಣ್ತೈತಿ, ಇದೊಂದ ಬಾಯಾಗ ಹಾಕ್ಕೋರಿ’ ಎಂದು ಪೆಂಟೆಯ ಚೂರೊಂದನ್ನು ಮುಂದೆ ಹಿಡಿದ. ಬೆಲ್ಲ! ಇವನೂ ಅವರ ಕಡೆಯವನೇ. ‘ಬ್ಯಾಡ, ಕೊಲ್ಲಾಕ ನಿಂತೀರೇನ ಎಲ್ಲಾರೂ?’ ಎಂದು ಕಾಡಪ್ಪ ಒದರಿದ. ಒದರಿದೆ ಅಂದುಕೊಂಡ, ಬಾಯಿಂದ ಬಂದದ್ದು ತೊದಲು. ಬಾಳಗೊಂಡ ಓಡಿ ಬಂದದ್ದು ಕಂಡಿತು. ಬಾಳಗೊಂಡ ಇಬ್ಬರಾದರು. ಅಲ್ಲಪ್ಪನ ಪೆಂಟೆಗಳ ಸಾಲು ಒಂದು ಮಗ್ಗುಲಿಗೆ ವಾಲಿ ಮೇಲಕ್ಕೆ ಎದ್ದು ಬಂದು ಅವನ ಕೆನ್ನೆಗೆ ತಾಗಿತು. ತಣ್ಣಗೆ ಅಂಟಂಟಾಗಿತ್ತು.

ಆಮೇಲಿನದು ತುಣುಕು ತುಣುಕು. ಗಂಡಸರ ಕಾಲುಗಳ ನಡುವೆ ಒಂದು ಸೀರೆಯ ಅಂಚು ಕಂಡಿತು. ಅವನ ಮನೆಯ ಹೆಂಗಸರು ಯಾರೂ ಯಾವತ್ತೂ ಪೇಟೆಯೊಳಗೆ ಕಾಲಿಟ್ಟವರಲ್ಲ. ಬರಿಗಾಲು, ಧೂಳು, ತಲೆಯಿಂದ ಜಾರಿದ ಸೆರಗು, ಮೇಲೆ ಗುರುಸಿದ್ದವ್ವನ ಮುಖ. ಅವಳು ಯಾರ ಕಡೆಗೂ ನೋಡದೆ ಪಕ್ಕದ ಪೆಂಟೆಯನ್ನು ತೂಕದ ಕಲ್ಲಿನಿಂದ ಜಜ್ಜಿ, ಬೆಲ್ಲದ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಅವನ ತುಟಿಯ ಹತ್ತಿರ ತಂದಳು. ಅವನು ಹಲ್ಲು ಕಚ್ಚಿದ. ಇಡೀ ಪೇಟೆಯ ಮುಂದೆ ವಿಷ ಹಾಕುತ್ತಿದ್ದಾಳೆ, ಯಾರೂ ಹಿಡಿಯುತ್ತಿಲ್ಲ! ‘ಬಾಯಿ ತೆಗೀರಿ, ನಿಮ್ಮ ಪಾದಕ್ಕ ಬೀಳ್ತೀನಿ, ಬಾಯಿ ತೆಗೀರಿ’ ಅನ್ನುತ್ತಿದ್ದಳು. ತೆಗೆಯಲಿಲ್ಲ. ಅವಳು ಅವನ ಮೂಗನ್ನು ಬಿಗಿಯಾಗಿ ಹಿಡಿದಳು. ಉಸಿರಿಗೆಂದು ಬಾಯಿ ತೆರೆದಾಗ ಬೆರಳನ್ನು ಒಳಗೆ ತೂರಿಸಿ ವಸಡಿಗೆ, ಕೆನ್ನೆಯ ಒಳಗೆ ಬೆಲ್ಲ ತಿಕ್ಕಿದಳು. ಅವನು ಕಚ್ಚಿದ. ಕಚ್ಚಿದ್ದು ಅವನಿಗೆ ನೆನಪಿದೆ. ಅವಳು ಬೆರಳು ತೆಗೆಯಲಿಲ್ಲ, ತಿಕ್ಕುತ್ತಲೇ ಇದ್ದಳು. ಬೆಲ್ಲಕ್ಕೆ ಉಪ್ಪಿನ ರುಚಿ ಬಂತು.

ಕಣ್ಣು ಸರಿಯಾಗಿ ಬಿಟ್ಟಾಗ ಅಂಗಡಿಯ ಹಿಂದೆ ಗೋಣಿಚೀಲಗಳ ಮೇಲೆ ಮಲಗಿದ್ದ. ಬೆವರು ಆರಿತ್ತು. ಮುಂದೆ ಬಾಳಗೊಂಡ ಯಾರಿಗೋ, ‘ಈಗ ಆರಾಮ ಅದಾರ, ದರದ ಸವಾಲ ನಾಳಿಗೆ ಮಾಡೂನ್ರಿ, ದಾಜಿ ಬಂದ ಮ್ಯಾಲ ಮಾಡೂನು’ ಅನ್ನುತ್ತಿದ್ದ. ತಾನಾಗಿಯೇ ಮುಗಿಸಿಬಿಡಬಹುದಿತ್ತಲ್ಲ, ಯಾಕೆ ಕಾಯುತ್ತಿದ್ದಾನೆ ಎಂದು ಕಾಡಪ್ಪ ಯೋಚಿಸಿದ; ಗದ್ದುಗೆ ಕಬಳಿಸಲು ಬಂದವನಲ್ಲ ಎಂಬ ಉತ್ತರ ಹೊಳೆಯಿತು, ಆ ಉತ್ತರ ಕಾಡಪ್ಪನಿಗೆ ಬೇಕಾಗಿರಲಿಲ್ಲ. ಗುರುಸಿದ್ದವ್ವ ಪಕ್ಕದಲ್ಲಿ ಕೂತು ಕಚ್ಚಿಸಿಕೊಂಡ ಬೆರಳಿಗೆ ಸೆರಗಿನ ತುದಿ ಸುತ್ತುತ್ತಿದ್ದಳು.

‘ಗಡಿಗ್ಯಾಗಿನ ಉಸುಕ ಕೆದರಿತ್ತು,’ ಎಂದಳು ಅವನ ಕಡೆ ನೋಡದೆ. ‘ಬಾಟ್ಲಿ ಎತ್ತಿ ನೋಡಿದೆ, ಔಷಧ ಇಳದಿತ್ತು. ಸಕ್ರಿ ಇಲ್ಲದ ಮೈಗೆ ಆ ಸೂಜಿ ಹಾಕ್ಕೊಂಡ್ರ ಜೀವ ಹೋಗತೈತಿ ಅಂತ ಡಾಕ್ಟರ್ ನಿಮ್ಮ ಮುಂದ ಹೇಳಿದ್ದಿಲ್ಲೇನ್ರಿ?’

‘ಸಕ್ರಿ ಇಲ್ಲ ಅಂತ ಹೆಂಗ ನಂಬಬೇಕು? ಬೆಳಿಗ್ಗೆ...’ ಅವನ ದನಿ ಅವನಿಗೇ ಸಣ್ಣದಾಗಿ ಕೇಳಿಸಿತು. ‘ಬೆಳಿಗ್ಗೆ ನೀಲಿ ಅಂದಿ ನೀ.’

‘ಅಂದೆ. ಸುಳ್ಳ ಹೇಳಿದೆ. ಇಟ್ಟಂಗಿ ಆಗಿತ್ತು.’

ಅವನು ಎದ್ದು ಕೂರಲು ನೋಡಿದ, ಆಗಲಿಲ್ಲ.

‘ದೀಪದ ಮ್ಯಾಲ ಹಿಡದ್ನೋ ಇಲ್ಲೋ, ಹಿತ್ತಲ ತುಂಬ ಗಾಣದ ವಾಸನಿ ಬಂತ್ರಿ. ಬಾಟ್ಲಿ ತಳದಾಗ ನೋಡಿದ್ರ ಕರಗದ ಹರಳ ಕುಂತಿತ್ತು. ಇಷ್ಟ ವರ್ಷ ನಳಿಗ್ಯಾಗ ನಿಮ್ಮ ನೀರ ಕಾಸೀನಿ, ಇಷ್ಟ ವರ್ಷ ನಿಮ್ಮ ಅಂಗಿ ಒಗದೀನಿ. ಕಿಸೇದಾಗಿನ ಬೆಲ್ಲ ನನಗ ಗೊತ್ತಾಗೂದಿಲ್ಲೇನು? ಮೊದಲೂ ಗೊತ್ತಿತ್ತು. ಸಿಹಿ ಮುಟ್ಟಿಲ್ಲ ಅಂತಿದ್ರಿ, ಹೌದ್ರಿ ಅಂತಿದ್ದೆ.’

‘ಮತ್ತ ಇವತ್ತ ಯಾಕ ಹೇಳಲಿಲ್ಲ?’

‘ಏನಂತ ಹೇಳ್ಲಿ? ನನ್ನ ಪರೀಕ್ಷಾ ಮಾಡಾಕ ಬೆಲ್ಲ ಹಾಕೀರಿ, ನೀವ ಸಿಕ್ಕಬಿದ್ದೀರಿ ಅಂತ ಹೇಳ್ಲೇನು? ನಾಚಿಕಿ ಆತ್ರಿ. ನಿಮ್ಮ ಸಲುವಾಗಿ ನನಗ ನಾಚಿಕಿ ಆತು. ಚೆಲ್ಲಿ, ನಳಿಗಿ ತೊಳದು, ನೀಲಿ ಅಂದೆ.’

ಹೊರಗೆ ಗಾಡಿಯೊಂದರ ಎತ್ತು ಗಂಟೆ ಅಲುಗಿಸಿತು. ಕಾಡಪ್ಪನಿಗೆ ಇಷ್ಟಕ್ಕೆ ಸುಮ್ಮನಾಗಲು ಬಂದಿದ್ದರೆ! ಆದರೆ ಇಚಲಕರಂಜಿಯ ಆ ಮಾತು ಈಗಲೂ ಒಳಗೆ ಹರಿದಾಡಿತು, ಅದನ್ನು ಹೊರಗೆ ಹಾಕದೆ ಅವನಿಗೆ ಬಿಡುಗಡೆ ಇರಲಿಲ್ಲ. ಮಗ್ಗ ನಿಂತಾಗ ಕೇಳಿದ್ದನ್ನು ಹೇಳಿದ. ಗುರುಸಿದ್ದವ್ವ ಈಗ ಅವನ ಮುಖ ನೋಡಿದಳು.

‘ಕೊಯ್ದ ತುಂಡ ಪುಣೇಕ ಕಳಿಸಿದ್ರು. ಕ್ಯಾನ್ಸರ್ ಇರಬಹುದಂತ ಡಾಕ್ಟರಿಗೆ ಸಂಶೆ ಇತ್ತು. ಇಲ್ಲ ಅಂತ ಕಾಗದ ಬರೂತನಕ ನಿಮಗ ಹೇಳಿದ್ದಿಲ್ಲ, ಬಂದ ಮ್ಯಾಲೂ ಯಾಕಂತ ಬಿಟ್ಟೆ. ಬಂದ ದಿನ ನಾನೂ ಇಂದೂನೂ ಅಡಗಿಮನ್ಯಾಗ ಕೂತ ಅತ್ತೀವಿ, ನಿಮಗ ಕೇಳಬಾರದಂತ ಮಗ್ಗದ ಸಪ್ಪಳದಾಗ ಅತ್ತೀವಿ. ಅದೊಂದ ನೋಡ್ರಿ ನಾ ಮುಚ್ಚಿಟ್ಟಿದ್ದು.’

ಅವನಿಗೆ ಮಾತು ಬೇಕಾಗಿತ್ತು. ‘ತಪ್ಪಾತು’ ಎಂಬ ಒಂದು ಮಾತು, ರೈತನಿಗೆ, ಹಮಾಲನಿಗೆ, ಬಸ್ಸಿನಲ್ಲಿ ಕಾಲು ತುಳಿದ ಅಪರಿಚಿತನಿಗೆ ಅವನು ಸಲೀಸಾಗಿ ಹೇಳಿದ್ದ ಮಾತು. ಅದು ಬರಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಎಳೆದು ಅವಳ ಕೈಯ ಮೇಲೆ ಹಾಕಿ, ಅದರ ಕೆಳಗೆ ಅವಳ ಬೆರಳು ಹಿಡಿದ. ಒತ್ತಿದ. ಬೆರಳು ಸುಳ್ಳು ಹೇಳುವುದಿಲ್ಲ ಎಂದು ಅವಳಿಗೆ ತಿಳಿಯಬಾರದೇ? ಅವನು ಹಿಡಿದದ್ದು ಕಚ್ಚಿದ ಬೆರಳನ್ನೇ. ಅವಳು ನೋವಿಗೆ ಮುಖ ಕಿವುಚಿ, ಮೆಲ್ಲಗೆ ಕೈ ಬಿಡಿಸಿಕೊಂಡಳು.

‘ಈ ವ್ಯಾಪಾರದ ಭಾಷಾ ನನಗ ಬರೂದಿಲ್ರಿ,’ ಎಂದಳು. ‘ಏಳ್ರಿ, ಮನಿಗೆ ಹೋಗೂನು. ನಾಳಿಂದ ನಿಮ್ಮ ನೀರ ನೀವ ಕಾಸ್ಕೋರಿ.’

ಮಾರನೆಯ ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ದೀಪ, ನಳಿಗೆ, ನೀಲಿ ಔಷಧಿ ಎಲ್ಲವನ್ನೂ ಒರೆಸಿ ಇಟ್ಟಿದ್ದಳು. ಕಾಡಪ್ಪ ಕುಕ್ಕರುಗಾಲಲ್ಲಿ ಕೂತ. ಇಷ್ಟು ವರ್ಷ ಅವಳು ಹೀಗೇ ಕೂರುತ್ತಿದ್ದಳು ಎಂಬುದು ಮೊಣಕಾಲು ನೋಯತೊಡಗಿದಾಗ ಅವನಿಗೆ ಗೊತ್ತಾಯಿತು. ಕಡ್ಡಿ ಎರಡು ಸಲ ಆರಿತು. ಮೂರನೆಯದು ಹತ್ತಿದಾಗ ನಳಿಗೆಯನ್ನು ದೀಪದ ಮೇಲೆ ಹಿಡಿದ. ಔಷಧಿ ಗುಳ್ಳೆಯೆದ್ದು ಕ್ಷಣ ಮಸುಕಾದಾಗ ಅವನ ಜೀವ ಬಾಯಿಗೆ ಬಂತು, ಬಣ್ಣ ತಿರುಗುತ್ತದೆ, ತಿರುಗಲೇಬೇಕು. ತಿರುಗಲಿಲ್ಲ. ನಳಿಗೆಯನ್ನು ಬೆಳಕಿಗೆ ಹಿಡಿದ, ಮೂಗಿನ ಹತ್ತಿರ ಒಯ್ದ, ಅಲುಗಿಸಿದ, ಮತ್ತೆ ಬೆಳಕಿಗೆ ಹಿಡಿದ. ಯಾವ ಮೋಡವೂ ಇರಲಿಲ್ಲ, ಯಾವ ಕಲೆಯೂ ಇರಲಿಲ್ಲ. ಶುದ್ಧ ನೀಲಿ, ತನ್ನ ಕಣ್ಣೆದುರೇ, ತನ್ನ ಕೈಯಲ್ಲೇ. ಎಳೆಯ ಮಗುವಿನಂಥ ಖುಷಿಯೊಂದು ಅವನ ಎದೆಗೆ ನುಗ್ಗಿತು, ಇಷ್ಟು ದಿನ ಅವಳು ಒಬ್ಬಳೇ ಅನುಭವಿಸಿ ಕೂಗಿ ಹೇಳುತ್ತಿದ್ದ ಖುಷಿ.

‘ನೀಲಿ ಐತಿ!’ ಎಂದು ಅಡುಗೆಮನೆಯ ಕಡೆಗೆ ಕೂಗಿದ.

ರೊಟ್ಟಿ ಬಡಿಯುವ ಸದ್ದು ನಿಂತಿತು. ಅವನು ಕಾದ. ನಳಿಗೆ ಕೈಯಲ್ಲಿ ಆರುತ್ತಿತ್ತು.

‘ಹೌದೇನ್ರಿ?’ ಎಂದಳು ಗುರುಸಿದ್ದವ್ವ ಒಳಗಿನಿಂದ. ‘ಇರಬೇಕು. ನಾ ಏನ ನೋಡೀನಿ?’

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.